ಇಲಿಯ ನಡೆಗೆ ಕ್ಯಾಮರಾದ ಅಳತೆಗೋಲು

ಇಲಿಯೆಂದರೆ ಒಕ್ಕಲಿಗನಿಗೆ ಹುಟ್ಟುವೈರಿ. ಹೊಲದಲ್ಲಿ ಶೇಂಗಾದ ಕಾಯಿ ತೋಡಿ ತಿನ್ನುವದು, ನಿಂತ ಜೋಳದ ತೆನೆ ಕಡಿಯುವದು, ರಾಶಿಯಾದ ಮೇಲೆ ಕಾಳಿನ ಚೀಲಕ್ಕೆ ತೂತು ಮಾಡುವದು, ಒಂದೇ ಎರಡೇ ಅದರ ಉಪದ್ರವ! ಅಂಥ ಇಲಿಯನ್ನು ಸಾಕಿ, ಹೊತ್ತಿಗೆ ಸರಿಯಾಗಿ ಕಾಳು ನೀರು ಕೊಟ್ಟು, ಅದು ಎಲ್ಲಿ ಹೋಯಿತು, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂದು ಮೇಲಿನಿಂದ ಕ್ಯಾಮರಾ ತೂಗಹಾಕಿ ಲೆಕ್ಕವಿಡುವ ಜನರೂ ಲೋಕದಲ್ಲಿ ಇದ್ದಾರೆಂದರೆ ನಮ್ಮ ರೈತಬಾಂಧವರಿಗೆ ನಗೆ ಬಂದೀತು. ಗುಡ್ಡ ಅಗೆದು ಇಲಿ ಹಿಡಿದ ಗಾದೆಯೂ ನೆನಪಾದೀತು.

ಆದರೆ ಈ ಲೆಕ್ಕ ನಗುವಂಥದಲ್ಲ. ಮೂರ್ಛೆರೋಗಕ್ಕೆ, ಮನಸ್ಸಿನ ಭಯಕ್ಕೆ, ಮುಪ್ಪಿನ ಮರೆವಿಗೆ ಶೋಧಿಸಿದ ಔಷಧಿಗಳಲ್ಲಿ ಹೆಚ್ಚಿನವು ಮನುಷ್ಯನ ಬಾಯಿಗೆ ಬರುವ ಮೊದಲು ಇಲಿಗಳ ಮೇಲೆ ಪರೀಕ್ಷೆಯಾಗುತ್ತವೆ. ಇಲಿ ಬಾಯಿಬಿಟ್ಟು ತನ್ನ ಸುಖದುಃಖ ಹೇಳಲಾರದು. ಅದರ ನಡೆಯೇ ಅದರ ನುಡಿ. ಆ ನಡೆಯನ್ನು ತಪ್ಪಾಗಿ ಅಳೆದರೆ, ಕೆಲಸಕ್ಕೆ ಬಾರದ ಔಷಧಿಯು ಒಳ್ಳೆಯದೆನಿಸಿಕೊಂಡು ಮುಂದೆ ಸಾಗೀತು. ಒಳ್ಳೆಯ ಔಷಧಿ ಕಸದಬುಟ್ಟಿಗೆ ಬಿದ್ದೀತು. ಆದುದರಿಂದ ಈ ಅಳತೆಯ ಕೆಲಸವು ಮನುಷ್ಯನ ಕಣ್ಣಿನಿಂದ ಕ್ಯಾಮರಾದ ಕಣ್ಣಿಗೆ ಏಕೆ ಹೋಯಿತು, ಆ ಕಣ್ಣು ಏನನ್ನು ಬಲ್ಲದು, ಏನನ್ನು ಅರಿಯದು ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸೋಣ.

ಪ್ರಯೋಗಶಾಲೆಯ ಇಲಿ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪ್ರಯೋಗಶಾಲೆಯ ಇಲಿ ನಮ್ಮ ಬದುವಿನ ಬಿಲದ ಇಲಿಯಲ್ಲ. ಅಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಕಂದು ಇಲಿಯ ಜಾತಿಯಿಂದ ಸಾಕಿ ಪಳಗಿಸಿದ ದೊಡ್ಡ ಇಲಿ. ಇನ್ನೊಂದು, ಮನೆಯ ಚಿಟ್ಟಿಲಿಯಿಂದ ಬಂದ ಸಣ್ಣದು. ಅಮೇರಿಕೆಯ ಫಿಲಡೆಲ್ಫಿಯಾ ನಗರದ ವಿಸ್ಟಾರ್ ಸಂಸ್ಥೆಯಲ್ಲಿ 1906ರಲ್ಲಿ ಆರಂಭವಾದ ಬಿಳಿ ಇಲಿಯ ತಳಿಯು ಇಂದಿಗೂ ವಿಸ್ಟಾರ್ ಎಂಬ ಹೆಸರಿನಿಂದಲೇ ಎಷ್ಟೋ ದೇಶಗಳ ಪ್ರಯೋಗಶಾಲೆಗಳಲ್ಲಿದೆ. ನಾವು ಒಂದು ಹೊಲದಲ್ಲಿ ಗೊಬ್ಬರದ ಗುಣ ನೋಡಬೇಕಾದರೆ ಒಂದೇ ತಳಿಯ ಬೀಜ ಬಿತ್ತುತ್ತೇವಷ್ಟೆ? ಎರಡು ತಳಿ ಕಲೆತರೆ ಗುಣ ಗೊಬ್ಬರದ್ದೋ ಬೀಜದ್ದೋ ತಿಳಿಯುವದಿಲ್ಲ. ಇಲಿಯ ತಳಿಯನ್ನು ಶುದ್ಧವಾಗಿ ಇಟ್ಟುಕೊಂಡು ಬಂದುದರ ಕಾರಣವೂ ಅದೇ.

ಕಣ್ಣಳತೆಯ ಕಾಲ

ಇಲಿಯ ನಡೆಯನ್ನು ಶಾಸ್ತ್ರೀಯವಾಗಿ ನೋಡುವ ಪದ್ಧತಿಗೆ ನೂರು ವರ್ಷ ಮೀರಿದೆ. ಅಮೇರಿಕೆಯ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ವಿಲ್ಲರ್ಡ್ ಸ್ಮಾಲ್ ಎಂಬವರು 1901ರ ಸುಮಾರಿಗೆ ಇಲಿಗಳಿಗಾಗಿ ಒಂದು ಚಕ್ರವ್ಯೂಹ ಕಟ್ಟಿದರು. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಲ್ಲಿ ಗಿಡಗಳ ಬೇಲಿಯಿಂದ ಮಾಡಿದ ಸುತ್ತುದಾರಿಯೊಂದಿದೆ. ಅದರ ನಕ್ಷೆಯನ್ನೇ ಅವರು ಮಾದರಿಯಾಗಿ ಇಟ್ಟುಕೊಂಡಿದ್ದರು. ಇಲಿ ಎಷ್ಟು ಸಲ ದಾರಿ ತಪ್ಪಿತು, ದಿನ ಕಳೆದಂತೆ ತಪ್ಪು ಹೇಗೆ ಕಡಿಮೆಯಾಯಿತು ಎಂದು ಕುಳಿತು ನೋಡಿ ಬರೆದುಕೊಳ್ಳುವದೇ ಆಗಿನ ಅಳತೆ.

1934ರಲ್ಲಿ ಕ್ಯಾಲ್ವಿನ್ ಹಾಲ್ ಎಂಬ ವಿಜ್ಞಾನಿಯು ಇನ್ನೂ ಸರಳವಾದ ಉಪಾಯ ಹುಡುಕಿದರು. ಸುತ್ತಲೂ ಗೋಡೆಯಿರುವ ಬರಿಯ ಅಂಗಳ. ನಮ್ಮ ಕಣದಂತೆ ಎನ್ನಿರಿ. ಅದರಲ್ಲಿ ಇಲಿಯನ್ನು ಬಿಡುವದು. ಹೊಸ ಬಯಲಿಗೆ ಬಂದ ಇಲಿ ಹೆದರಿ ಗೋಡೆಯ ಬುಡ ಹಿಡಿದು ಓಡುತ್ತದೆ, ಮೂಲೆ ಸೇರುತ್ತದೆ, ಹಿಕ್ಕೆ ಹಾಕುತ್ತದೆ. ಧೈರ್ಯ ಬಂದಂತೆ ನಡುವೆ ಬಂದು ಮೂಸುತ್ತದೆ. ಹಾಲ್ ಅವರು ಹಿಕ್ಕೆಗಳನ್ನು ಎಣಿಸಿ ಭಯದ ಅಳತೆ ಮಾಡಿದರು. ಮುಂದೆ ಇತರರು ನೆಲಕ್ಕೆ ಗೆರೆ ಹೊಡೆದು ಚೌಕಗಳನ್ನು ಮಾಡಿ, ಇಲಿ ಎಷ್ಟು ಗೆರೆ ದಾಟಿತೆಂದು ಎಣಿಸತೊಡಗಿದರು. ಒಂದು ಕೈಯಲ್ಲಿ ಗಡಿಯಾರ, ಒಂದು ಕೈಯಲ್ಲಿ ಪೆನ್ಸಿಲು, ಕಣ್ಣು ಇಲಿಯ ಮೇಲೆ. ಐದು ನಿಮಿಷಕ್ಕೊಂದು ಇಲಿಯಂತೆ ದಿನಕ್ಕೆ ಮೂವತ್ತು ನಲವತ್ತು ಇಲಿ ನೋಡಿದ ಮನುಷ್ಯನ ಕಣ್ಣು ಸಂಜೆಗೆ ಹೇಗಿದ್ದೀತು? ಬೆಳಗಿನ ಮೊದಲ ಇಲಿಗೆ ಆದ ನ್ಯಾಯ ಸಂಜೆಯ ಕೊನೆಯ ಇಲಿಗೆ ಆಗುವದು ಕಷ್ಟ.

ನೋಡುವವನ ಮನಸ್ಸು

ದಣಿವಿಗಿಂತ ದೊಡ್ಡ ತೊಡಕು ಬೇರೊಂದಿದೆ. ನೋಡುವವನ ಮನಸ್ಸಿನಲ್ಲಿ ಇದ್ದುದೇ ಅವನ ಕಣ್ಣಿಗೆ ಕಾಣುತ್ತದೆ. ಇದನ್ನು ಅಮೇರಿಕೆಯ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಎಂಬವರು 1963ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತೋರಿಸಿದರು. ಅವರು 12 ಜನ ವಿದ್ಯಾರ್ಥಿಗಳಿಗೆ ತಲಾ ಐದರಂತೆ 60 ಬಿಳಿ ಇಲಿಗಳನ್ನು ಹಂಚಿದರು. ಅರ್ಧ ವಿದ್ಯಾರ್ಥಿಗಳಿಗೆ, ನಿಮ್ಮ ಇಲಿಗಳು ಜಾಣ ತಳಿಯವು ಎಂದರು. ಇನ್ನರ್ಧಕ್ಕೆ, ನಿಮ್ಮವು ದಡ್ಡ ತಳಿಯವು ಎಂದರು. ನಿಜದಲ್ಲಿ ಎಲ್ಲವೂ ಒಂದೇ ಬಗೆಯ ಇಲಿಗಳು, ಆರಿಸದೆ ಹಂಚಿದ್ದು. ಕವಲುದಾರಿಯಲ್ಲಿ ಸರಿಯಾದ ದಾರಿ ಹಿಡಿಯುವದನ್ನು ಕಲಿಸಬೇಕಾಗಿತ್ತು. ಕಲಿಸಿ ಲೆಕ್ಕ ಹಾಕಿದಾಗ, ಜಾಣ ಎಂದು ಹೆಸರಿಟ್ಟ ಇಲಿಗಳೇ ಮೇಲಾಗಿ ಬಂದವು!

ಆ ವಿದ್ಯಾರ್ಥಿಗಳು ಬೇಕೆಂದು ಸುಳ್ಳು ಬರೆದರೆಂದು ತಿಳಿಯಬೇಕಾಗಿಲ್ಲ. ಜಾಣ ಎಂದು ನಂಬಿದ ಇಲಿಯನ್ನು ಮೃದುವಾಗಿ ಹಿಡಿದಿರಬಹುದು, ಸಂಶಯ ಬಂದಲ್ಲಿ ಅದರ ಕಡೆಗೆ ಬರೆದಿರಬಹುದು. ನಾವು ಶಾಲೆಯಲ್ಲಿ ಪಾಠ ಹೇಳುವವರು ಈ ಸಂಗತಿಯನ್ನು ಓದಿ ಒಂದು ಗಳಿಗೆ ಸುಮ್ಮನೆ ಕೂಡಬೇಕಾಗುತ್ತದೆ. ಹಾಜರಿ ಪುಸ್ತಕ ತೆರೆದ ಮೊದಲ ವಾರದಲ್ಲಿಯೇ ಹುಡುಗರಿಗೆ ಜಾಣ, ದಡ್ಡ ಎಂಬ ಹೆಸರು ಹಚ್ಚಿಬಿಟ್ಟರೆ, ವರ್ಷದ ಕೊನೆಗೆ ನಾವು ಅಳೆಯುವದು ಹುಡುಗನನ್ನೋ ನಮ್ಮ ನಂಬಿಕೆಯನ್ನೋ? ಇರಲಿ. ಇಲಿಯ ವಿಷಯದಲ್ಲಾದರೂ, ಹೆಸರು ಹಚ್ಚದ ಒಂದು ಕಣ್ಣು ಬೇಕೆಂದು ವಿಜ್ಞಾನಿಗಳಿಗೆ ಅನಿಸಿತು.

ಕ್ಯಾಮರಾ ಲೆಕ್ಕ ಹಿಡಿಯುವ ಬಗೆ

ಈ ಕಣ್ಣಿನ ಕೆಲಸ ಕೇಳಲು ದೊಡ್ಡದು, ತಿಳಿಯಲು ಸುಲಭ. ಅಂಗಳದ ನಡುಮಧ್ಯದ ಮೇಲೆ, ಸೂರಿನಿಂದ ಕೆಳಗೆ ಮುಖಮಾಡಿ ಒಂದು ವಿಡಿಯೋ ಕ್ಯಾಮರಾ ತೂಗಹಾಕುತ್ತಾರೆ. ವಿಡಿಯೋ ಎಂದರೆ ಬೇಗಬೇಗನೆ ತೆಗೆದ ಚಿತ್ರಗಳ ಸಾಲು. ಸಾಮಾನ್ಯವಾಗಿ ಸೆಕೆಂಡಿಗೆ 25 ಅಥವಾ 30 ಚಿತ್ರ. ಐದು ನಿಮಿಷವೆಂದರೆ 300 ಸೆಕೆಂಡು. ಸೆಕೆಂಡಿಗೆ 25ರಂತೆ 7,500 ಚಿತ್ರಗಳಾದವು. ಪ್ರತಿಯೊಂದು ಚಿತ್ರವೂ ಸಣ್ಣ ಸಣ್ಣ ಚುಕ್ಕೆಗಳಿಂದ ನೇಯ್ದ ಕಂಬಳಿಯಂತೆ ಇರುತ್ತದೆ. ಒಂದೊಂದು ಚುಕ್ಕೆಗೂ ಇಷ್ಟು ಬೆಳಕು ಎಂಬ ಅಂಕಿಯಿದೆ.

ಇಲಿಯನ್ನು ಬಿಡುವ ಮೊದಲು ಬರಿಯ ಅಂಗಳದ ಚಿತ್ರವನ್ನು ಕಂಪ್ಯೂಟರು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆಮೇಲೆ ಬರುವ ಪ್ರತಿ ಚಿತ್ರದಿಂದ ಈ ಬರಿಯ ಚಿತ್ರವನ್ನು ಚುಕ್ಕೆಗೆ ಚುಕ್ಕೆ ಕಳೆಯುತ್ತದೆ. ಬದಲಾಗದ ನೆಲ ಗೋಡೆಗಳು ಕಳೆದು ಸೊನ್ನೆಯಾಗುತ್ತವೆ, ಉಳಿಯುವದು ಇಲಿಯೊಂದೇ. ಉಳಿದ ಚುಕ್ಕೆಗಳ ಗುಂಪಿಗೆ ನಡುಬಿಂದು ಕಂಡುಹಿಡಿದರೆ ಅದೇ ಆ ಗಳಿಗೆಯಲ್ಲಿ ಇಲಿಯ ಠಿಕಾಣಿ. ಒಂದರ ಹಿಂದೆ ಒಂದು ಬಿಂದುಗಳನ್ನು ಕೂಡಿಸಿದರೆ ಇಲಿ ನಡೆದ ದಾರಿ ಗೆರೆಯಾಗಿ ಮೂಡುತ್ತದೆ. ಮಳೆ ಬಂದ ಮರುದಿನ ಹೊಲದಲ್ಲಿ ಹೆಜ್ಜೆ ಮೂಡಿದ ಹಾಗೆ.

ಇನ್ನು ಅಳತೆ. ಅಂಗಳದ ಒಂದು ಬದಿ 100 ಸೆಂಟಿಮೀಟರ್ ಇದ್ದು, ಚಿತ್ರದಲ್ಲಿ ಅದು 500 ಚುಕ್ಕೆಗಳಷ್ಟು ಉದ್ದವಾಗಿದ್ದರೆ, ಒಂದು ಚುಕ್ಕೆಗೆ 0.2 ಸೆಂಟಿಮೀಟರ್. ಇಷ್ಟು ಗೊತ್ತಾದರೆ ಮುಂದಿನದೆಲ್ಲ ನಮ್ಮ ಐದನೆಯ ಇಯತ್ತೆಯ ಗಣಿತ. ಇಲಿ ನಡೆದ ದೂರ, ದೂರವನ್ನು ಕಾಲದಿಂದ ಭಾಗಿಸಿದ ವೇಗ, ಗೋಡೆಯ ಬುಡದಲ್ಲಿ ಕಳೆದ ಹೊತ್ತು, ನಡುವೆ ಕಳೆದ ಹೊತ್ತು, ಅಲುಗದೆ ನಿಂತ ಹೊತ್ತು ಇವೆಲ್ಲ ತಾವಾಗಿ ಬರುತ್ತವೆ. ನೆಲಕ್ಕೆ ಗೆರೆ ಹೊಡೆಯಬೇಕಾಗಿಲ್ಲ. ಗೆರೆಯನ್ನು ಚಿತ್ರದ ಮೇಲೆಯೇ ಎಳೆಯುತ್ತಾರೆ. ಇಲಿ ಕತ್ತಲೆಯಲ್ಲಿ ಓಡಾಡುವ ಪ್ರಾಣಿಯಾದುದರಿಂದ, ಅದರ ಕಣ್ಣಿಗೆ ಕಾಣದ, ಆದರೆ ಕ್ಯಾಮರಾಕ್ಕೆ ಕಾಣುವ ಅವಕೆಂಪು ಬೆಳಕಿನಲ್ಲಿಯೂ ಚಿತ್ರ ತೆಗೆಯಬಹುದು. ಕೋಣೆಯಲ್ಲಿ ಮನುಷ್ಯ ಇರಬೇಕಾದ ಕಾರಣವೇ ಇಲ್ಲ.

ನಿಂತ ಇಲಿಯ ಸುಳ್ಳು ನಡಿಗೆ

ಯಂತ್ರವೆಂದ ಕೂಡಲೆ ತಪ್ಪಿಲ್ಲವೆಂದು ಯಾರೂ ತಿಳಿಯಬಾರದು. ಒಂದು ಲೆಕ್ಕ ಮಾಡಿ ತೋರಿಸುತ್ತೇವೆ. ಇಲಿ ಮೂಲೆಯಲ್ಲಿ ಮಲಗಿ ಉಸಿರಾಡುತ್ತಿದೆ, ಅಷ್ಟೆ. ಆದರೆ ದೀಪ ಸ್ವಲ್ಪ ಮಿನುಗಿ, ನೆರಳು ಸ್ವಲ್ಪ ಅಲುಗಿ, ಅದರ ನಡುಬಿಂದು ಪ್ರತಿ ಚಿತ್ರದಲ್ಲಿಯೂ ಒಂದೊಂದೇ ಚುಕ್ಕೆ ಆಚೆ ಈಚೆ ಸರಿಯಿತೆನ್ನಿರಿ. ಒಂದು ಚುಕ್ಕೆಗೆ 0.2 ಸೆಂಟಿಮೀಟರಿನಂತೆ 7,500 ಚಿತ್ರಗಳಿಗೆ 1,500 ಸೆಂಟಿಮೀಟರ್, ಅಂದರೆ 15 ಮೀಟರು! ಮಲಗಿದ ಇಲಿ ಐದು ನಿಮಿಷದಲ್ಲಿ 15 ಮೀಟರು ನಡೆಯಿತೆಂದು ಯಂತ್ರ ಬರೆದುಕೊಂಡೀತು. ಔಷಧಿ ಕೊಟ್ಟು ಮಂಕಾದ ಇಲಿ ಚುರುಕಾಗಿದೆಯೆಂದು ವರದಿ ಹೋದೀತು.

ಅದಕ್ಕಾಗಿ ತಿಳಿದವರು ಮೊದಲು ಜೋಡಣೆ ಮಾಡುತ್ತಾರೆ. ಇಷ್ಟಕ್ಕಿಂತ ಕಡಿಮೆ ಸರಿದರೆ ಅದನ್ನು ನಡೆಯೆಂದು ಎಣಿಸಬೇಡ ಎಂದು ಕಂಪ್ಯೂಟರಿಗೆ ಹೇಳಿಡುತ್ತಾರೆ. ಹಿಂದಿನ ಮುಂದಿನ ಕೆಲವು ಬಿಂದುಗಳ ಸರಾಸರಿ ಹಿಡಿದು ಗೆರೆಯನ್ನು ನಯ ಮಾಡುತ್ತಾರೆ. ಬಿಳಿ ಇಲಿಗೆ ಕಪ್ಪು ನೆಲ, ಕಪ್ಪು ಚಿಟ್ಟಿಲಿಗೆ ಬಿಳಿ ನೆಲ ಹಾಸುತ್ತಾರೆ. ಬೆಳಕು ಎಲ್ಲ ಕಡೆಗೂ ಸಮನಾಗಿ ಬೀಳುವಂತೆ, ನೀರು ಅಥವಾ ಗಾಜಿನ ಮೇಲೆ ದೀಪ ಹೊಳೆಯದಂತೆ ನೋಡಿಕೊಳ್ಳುತ್ತಾರೆ. ಕೊನೆಗೆ ಕೆಲವು ಚಿತ್ರಗಳನ್ನು ಕಣ್ಣಿನಿಂದ ನೋಡಿ ಯಂತ್ರದ ಲೆಕ್ಕದೊಂದಿಗೆ ತಾಳೆ ಹಚ್ಚುತ್ತಾರೆ. ತಕ್ಕಡಿ ಎಷ್ಟೇ ಹೊಸದಿದ್ದರೂ ತೂಗುವ ಮೊದಲು ಬರಿಯ ತಟ್ಟೆ ಸಮನಾಗಿ ನಿಂತಿದೆಯೋ ಇಲ್ಲವೋ ನೋಡುವದು ವ್ಯಾಪಾರದ ರೀತಿ.

ಕೊಳದೊಳಗಿನ ಕಟ್ಟೆ

ಕ್ಯಾಮರಾದ ಉಪಯೋಗ ಎಲ್ಲಿ ಸ್ಪಷ್ಟವಾಗಿ ಕಾಣುವದೆಂದರೆ ನೀರಿನ ಕೊಳದ ಪರೀಕ್ಷೆಯಲ್ಲಿ. 1981ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ರಿಚರ್ಡ್ ಮಾರಿಸ್ ಇದನ್ನು ಲೋಕದ ಮುಂದಿಟ್ಟರು. ದುಂಡಗಿನ ದೊಡ್ಡ ತೊಟ್ಟಿ. ಅದರಲ್ಲಿ ಹಾಲು ಬೆರೆಸಿ ಬೆಳ್ಳಗೆ ಮಾಡಿದ ನೀರು. ನೀರಿನ ಮೇಲ್ಮೈಗಿಂತ ಸ್ವಲ್ಪವೇ ಕೆಳಗೆ ಒಂದು ಸಣ್ಣ ಕಟ್ಟೆ. ಈಜುವ ಇಲಿಗೆ ಅದು ಕಾಣುವದಿಲ್ಲ. ಮೊದಲ ದಿನ ಸುತ್ತಿ ಸುತ್ತಿ ಹೇಗೋ ಕಟ್ಟೆಗೆ ಕಾಲು ತಗಲಿ ಹತ್ತಿ ನಿಲ್ಲುತ್ತದೆ. ನಾಲ್ಕಾರು ದಿನಗಳಲ್ಲಿ ಕೋಣೆಯ ಗೋಡೆ, ದೀಪ, ಬಾಗಿಲುಗಳ ಗುರುತು ಹಿಡಿದು, ಎಲ್ಲಿಂದ ಬಿಟ್ಟರೂ ನೆಟ್ಟಗೆ ಕಟ್ಟೆಗೆ ಬರುತ್ತದೆ.

ಮರುವರ್ಷ ಮಾರಿಸ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಪ್ರಕಟಿಸಿದರು. ಮೆದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ಕಳೆದುಕೊಂಡ ಇಲಿಗಳಿಗೆ ಈ ಅಡಗಿದ ಕಟ್ಟೆಯ ಜಾಗ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಕಟ್ಟೆಯನ್ನು ನೀರಿನ ಮೇಲೆ ಕಾಣುವಂತೆ ಇಟ್ಟರೆ ಅವೂ ಬಂದು ಹತ್ತಿದವು. ಅಂದರೆ ಕೆಟ್ಟುದು ಈಜಲ್ಲ, ಕಣ್ಣಲ್ಲ; ಜಾಗದ ನೆನಪು. ಮನುಷ್ಯನ ಮೆದುಳಿನಲ್ಲಿಯೂ ಈ ಭಾಗವಿದೆ. ಆಲ್ಜೈಮರ್ ಎಂಬ ಮರೆವಿನ ರೋಗದಲ್ಲಿ ಮೊದಮೊದಲು ಕೆಡುವ ಭಾಗಗಳಲ್ಲಿ ಇದೂ ಒಂದು. ನಮ್ಮ ಊರುಗಳಲ್ಲಿ ಅರಳುಮರಳು ಎಂದು ಬಿಟ್ಟುಬಿಡುವ ಮುದುಕರಲ್ಲಿ ಕೆಲವರು ಹೊಲಕ್ಕೆ ಹೋಗಿ ಮನೆಯ ದಾರಿ ತಪ್ಪುವದನ್ನು ನೆನೆದರೆ, ಆ ಕೊಳದ ಇಲಿಯ ಪರೀಕ್ಷೆ ಎಷ್ಟು ಹತ್ತಿರದ್ದೆಂದು ತಿಳಿದೀತು.

ಇಲ್ಲಿ ಕ್ಯಾಮರಾ ಏಕೆ ಬೇಕು? ಗಡಿಯಾರ ಹಿಡಿದು ಕಟ್ಟೆ ಸೇರಿದ ಹೊತ್ತನ್ನು ಬರೆದರೆ ಸಾಲದೇ? ಸಾಲದು. ಒಂದು ಔಷಧಿ ಕೊಟ್ಟ ಇಲಿ 40 ಸೆಕೆಂಡು ತೆಗೆದುಕೊಂಡಿತು, ಕೊಡದ ಇಲಿ 20 ಸೆಕೆಂಡು ತೆಗೆದುಕೊಂಡಿತು ಎಂದಿಟ್ಟುಕೊಳ್ಳೋಣ. ಔಷಧಿಯಿಂದ ಮರೆವು ಬಂತೆಂದು ಗಡಿಯಾರ ಹೇಳೀತು. ಆದರೆ ಕ್ಯಾಮರಾದ ಗೆರೆ ನೋಡಿದರೆ ಎರಡೂ ಒಂದೇ ದಾರಿಯಿಂದ ನೆಟ್ಟಗೆ ಹೋಗಿವೆ. ಮೊದಲನೆಯದು ಮೆಲ್ಲಗೆ ಈಜಿದೆ, ಅಷ್ಟೆ. ಅದಕ್ಕೆ ಬಂದುದು ನಿಶ್ಶಕ್ತಿ, ಮರೆವಲ್ಲ. ದೂರ ಮತ್ತು ವೇಗವನ್ನು ಬೇರೆ ಬೇರೆ ಮಾಡಿ ತೋರಿಸಿದುದೇ ಈ ಯಂತ್ರದ ಹೆಚ್ಚಿನ ಉಪಕಾರ.

ಕೊನೆಯ ಪರೀಕ್ಷೆ ಇನ್ನೂ ಸೊಗಸು. ಕಟ್ಟೆಯನ್ನೇ ತೆಗೆದುಬಿಟ್ಟು ಇಲಿಯನ್ನು 60 ಸೆಕೆಂಡು ಈಜಲು ಬಿಡುವದು. ಕೊಳವನ್ನು ಮನಸ್ಸಿನಲ್ಲಿ ನಾಲ್ಕು ಪಾಲು ಮಾಡಿರಿ. ಏನೂ ನೆನಪಿಲ್ಲದ ಇಲಿ ಪ್ರತಿ ಪಾಲಿನಲ್ಲಿ ಸುಮಾರು 15 ಸೆಕೆಂಡು ಇದ್ದೀತು. ಕಟ್ಟೆಯಿದ್ದ ಪಾಲಿನಲ್ಲಿ ಅದು 25, 30 ಸೆಕೆಂಡು ಸುಳಿದರೆ, ಇಲ್ಲದ ಕಟ್ಟೆಯನ್ನು ಅಲ್ಲಿಯೇ ಹುಡುಕುತ್ತಿದೆಯೆಂದು ಅರ್ಥ. ನೆನಪೆಂಬ ಕಾಣದ ವಸ್ತುವಿಗೆ ಅಂಕಿ ಬಂದುದು ಹೀಗೆ.

ಭಯದ ಅಳತೆಗೂ ಇಂಥದೇ ಒಂದು ಉಪಾಯವಿದೆ. ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರದಲ್ಲಿ, ಕೂಡಿಸುವ ಗುರುತಿನ ಆಕಾರದ ನಾಲ್ಕು ಹಲಗೆ ದಾರಿ; ಎರಡಕ್ಕೆ ಗೋಡೆಯುಂಟು, ಎರಡಕ್ಕೆ ಇಲ್ಲ. ಅಂಜಿದ ಇಲಿ ಗೋಡೆಯ ಒಳಗೇ ಇರುತ್ತದೆ. ಆತಂಕ ಕಳೆಯುವ ಡಯಜೆಪಾಮ್ ಎಂಬ ಔಷಧಿ ಕೊಟ್ಟರೆ ಬಯಲು ದಾರಿಗೆ ಹೆಚ್ಚು ಹೋಗುತ್ತದೆ. 1984, 1985ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಈ ಪರೀಕ್ಷೆ ಈಗ ಎಲ್ಲೆಡೆಯೂ ನಡೆಯುತ್ತದೆ.

ಕೀಟದಿಂದ ಇಲಿಗೆ ಬಂದ ವಿದ್ಯೆ

ಒಕ್ಕಲುತನದ ಪುಟದಲ್ಲಿ ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಕಾಯಿಕೊರಕದ ತತ್ತಿಯೊಳಗೆ ತನ್ನ ತತ್ತಿಯಿಟ್ಟು ಅದನ್ನು ನಾಶಮಾಡುವ ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕೀಟದ ಹೆಸರನ್ನು ನಮ್ಮ ರೈತರಲ್ಲಿ ಕೆಲವರು ಕೇಳಿರಬಹುದು. ಅದರ ತತ್ತಿಗಳನ್ನು ಅಂಟಿಸಿದ ಕಾಗದದ ತುಣುಕುಗಳನ್ನು ಬೆಳೆಗೆ ಕಟ್ಟುವದುಂಟು. ನೆದರ್ಲ್ಯಾಂಡಿನ ವಾಗೆನಿಂಗನ್ ಊರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಲ್ಯೂಕಾಸ್ ನೋಲ್ಡಸ್ ಎಂಬವರು ಈ ಕೀಟವು ತತ್ತಿಯನ್ನು ಹೇಗೆ ಹುಡುಕುತ್ತದೆಂಬ ಅಭ್ಯಾಸ ಮಾಡಿದರು. ಕೀಟದ ನಡೆಯನ್ನು ಬರೆದಿಡಲು ಕಂಪ್ಯೂಟರಿನ ಸಹಾಯ ಪಡೆದರು. 1989ರಲ್ಲಿ ಅವರು ಆರಂಭಿಸಿದ ಸಂಸ್ಥೆಯೇ ಮುಂದೆ ಎಥೋವಿಜನ್ ಎಂಬ ವಿಡಿಯೋ ಲೆಕ್ಕದ ಸಾಧನವನ್ನು ಮಾಡಿ, ಲೋಕದ ಅನೇಕ ಪ್ರಯೋಗಶಾಲೆಗಳಿಗೆ ಮುಟ್ಟಿಸಿತು. ಹೊಲದ ಮಿತ್ರಕೀಟದ ಮೇಲೆ ಆರಂಭವಾದ ವಿದ್ಯೆ ಔಷಧಿಯ ಪರೀಕ್ಷೆಗೆ ಬಂದಿತು. ವಿದ್ಯೆಗೆ ಬದುಗಳಿಲ್ಲ.

ಈಚಿನ ಹೆಜ್ಜೆ ಇನ್ನೂ ದೊಡ್ಡದು. ನಡುಬಿಂದು ಒಂದೇ ಆದರೆ ಇಲಿ ಮೂಸಿತೋ, ಮೈ ತುರಿಸಿತೋ, ಹಿಂಗಾಲ ಮೇಲೆ ನಿಂತಿತೋ ತಿಳಿಯದು. 2018ರಲ್ಲಿ ಅಲೆಕ್ಸಾಂಡರ್ ಮಾಥಿಸ್, ಮೆಕೆಂಜಿ ಮಾಥಿಸ್, ಮಥಿಯಾಸ್ ಬೆಥ್ಗೆ ಮುಂತಾದವರು ಡೀಪ್‌ಲ್ಯಾಬ್‌ಕಟ್ ಎಂಬ ಸಾಧನ ಪ್ರಕಟಿಸಿದರು. ಸುಮಾರು 200 ಚಿತ್ರಗಳಲ್ಲಿ ಮೂಗು ಇಲ್ಲಿ, ಕಿವಿ ಇಲ್ಲಿ, ಬಾಲದ ಬುಡ ಇಲ್ಲಿ ಎಂದು ಮನುಷ್ಯ ಗುರುತು ಹಾಕಿ ಕಲಿಸಿದರೆ, ಉಳಿದ ಸಾವಿರಾರು ಚಿತ್ರಗಳಲ್ಲಿ ಕಂಪ್ಯೂಟರು ತಾನೇ ಗುರುತಿಸುತ್ತದೆ. ಇದಕ್ಕೆ ಬೆಲೆಯಿಲ್ಲ, ಯಾರಾದರೂ ಪಡೆದು ಉಪಯೋಗಿಸಬಹುದು. ಹಣ ಕಡಿಮೆಯಿರುವ ಕಾಲೇಜಿಗೂ ಇದು ನಿಲುಕುತ್ತದೆ. ಅದಕ್ಕೂ ಮೊದಲು 2015ರಲ್ಲಿ ಹಾರ್ವರ್ಡಿನ ಸಂದೀಪ್ ರಾಬರ್ಟ್ ದತ್ತಾ ಅವರ ತಂಡವು ಚಿಟ್ಟಿಲಿಯ ಚಲನೆಯಲ್ಲಿ ಒಂದು ಸೆಕೆಂಡಿಗಿಂತ ಚಿಕ್ಕ ತುಣುಕುಗಳಿವೆಯೆಂದೂ, ಅಕ್ಷರ ಕೂಡಿ ಪದವಾದಂತೆ ಅವು ಕೂಡಿ ನಡೆಯಾಗುವವೆಂದೂ ತೋರಿಸಿತು. ನಡೆಯೇ ನುಡಿ ಎಂದು ಮೇಲೆ ನಾವು ಅಂದುದಕ್ಕೆ ಇದು ಒಳ್ಳೆಯ ಸಾಕ್ಷಿ.

ಕ್ಯಾಮರಾ ಹೇಳದ ಮಾತು

ಇಷ್ಟಾದರೂ ಕ್ಯಾಮರಾ ಹೇಳುವದು ಎರಡೇ ಮಾತು: ಎಲ್ಲಿ ಮತ್ತು ಯಾವಾಗ. ಏಕೆ ಎಂಬುದನ್ನು ಹೇಳುವವನು ಮನುಷ್ಯನೇ. 1977ರಲ್ಲಿ ರೋಜರ್ ಪೋರ್ಸೋಲ್ಟ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಬರೆದರು. ತಪ್ಪಿಸಿಕೊಳ್ಳಲಾಗದ ನೀರಿನ ಪಾತ್ರೆಯಲ್ಲಿ ಬಿಟ್ಟ ಇಲಿ ಸ್ವಲ್ಪ ಹೊತ್ತು ಒದ್ದಾಡಿ ಆಮೇಲೆ ಸುಮ್ಮನೆ ತೇಲುತ್ತದೆ. ಆ ತೇಲುವದನ್ನು ಹತಾಶೆ ಎಂದು ಕರೆದರು. ಖಿನ್ನತೆಯ ಔಷಧಿ ಕೊಟ್ಟರೆ ತೇಲುವ ಹೊತ್ತು ಕಡಿಮೆಯಾಗುತ್ತದೆ ಎಂದರು. ಬಹಳ ವರ್ಷ ಅದು ನಡೆಯಿತು. ಆದರೆ ಅನೇಕ ವಿಜ್ಞಾನಿಗಳು ಇಂದು ಕೇಳುವದೇನೆಂದರೆ, ಒದ್ದಾಡಿ ಫಲವಿಲ್ಲವೆಂದು ಕಲಿತು ಶಕ್ತಿ ಉಳಿಸಿಕೊಂಡ ಜಾಣತನವೇ ಅದಾಗಿರಬಾರದೇಕೆ? ಅಲುಗದೆ ಇದ್ದ ಸೆಕೆಂಡುಗಳನ್ನು ಕ್ಯಾಮರಾ ಸರಿಯಾಗಿಯೇ ಎಣಿಸಿತು. ಹೆಸರಿಟ್ಟವರು ಮಾತ್ರ ನಾವು.

ಇನ್ನೊಂದು. 1999ರಲ್ಲಿ ಅಮೇರಿಕೆಯ ಆಲ್ಬನಿ ಮತ್ತು ಪೋರ್ಟ್‌ಲ್ಯಾಂಡ್, ಕೆನಡಾದ ಎಡ್ಮಂಟನ್ ಈ ಮೂರು ಊರುಗಳ ಪ್ರಯೋಗಶಾಲೆಗಳು ಒಂದೇ ತಳಿಯ ಚಿಟ್ಟಿಲಿ, ಒಂದೇ ಬಗೆಯ ಸಾಧನ, ಒಂದೇ ಪದ್ಧತಿ ಹಿಡಿದು ಪರೀಕ್ಷೆ ಮಾಡಿದವು. ಆದರೂ ಕೆಲವು ಫಲಗಳು ಊರಿಗೊಂದು ಪರಿ ಬಂದವು. ಒಂದೇ ಬೀಜ ಮೂರು ಹೊಲದಲ್ಲಿ ಮೂರು ಬಗೆ ಏಳುವದನ್ನು ಬಲ್ಲ ರೈತನಿಗೆ ಇದರಲ್ಲಿ ಆಶ್ಚರ್ಯವಿಲ್ಲ. 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಅವರ ತಂಡವು ಇನ್ನೂ ಸೂಕ್ಷ್ಮವಾದುದನ್ನು ಕಂಡಿತು. ಕೋಣೆಯಲ್ಲಿ ಗಂಡಸು ಇದ್ದರೆ, ಅಥವಾ ಅವನು ತೊಟ್ಟ ಅಂಗಿಯನ್ನು ಇಟ್ಟರೂ ಸಾಕು, ಇಲಿಗಳು ಆ ವಾಸನೆಗೆ ಕಳವಳಗೊಂಡು ನೋವನ್ನು ಕಡಿಮೆ ತೋರಿಸುತ್ತಿದ್ದವು. ಹೆಂಗಸರು ಇದ್ದಾಗ ಹಾಗಾಗಲಿಲ್ಲ. ಕ್ಯಾಮರಾ ಎಷ್ಟೇ ನಿಷ್ಪಕ್ಷಪಾತಿಯಾಗಿದ್ದರೂ ಅದನ್ನು ತೂಗಹಾಕಿದ ಕೈಯ ವಾಸನೆ ಅಳತೆಯಲ್ಲಿ ಸೇರುತ್ತದೆ.

ಇಲಿಯ ಪ್ರಾಣದ ಮಾತನ್ನೂ ಬಿಡುವಂತಿಲ್ಲ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಆಗಬಾರದಷ್ಟೆ? ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬವರು 1959ರಲ್ಲಿಯೇ ಮೂರು ನಿಯಮ ಹೇಳಿದರು: ಪ್ರಾಣಿಯಿಲ್ಲದೆ ಸಾಧ್ಯವಾದರೆ ಹಾಗೆ ಮಾಡಿರಿ, ಬೇಕೇ ಆದರೆ ಕಡಿಮೆ ಪ್ರಾಣಿಗಳಲ್ಲಿ ಮುಗಿಸಿರಿ, ಅವುಗಳಿಗೆ ನೋವು ಕಡಿಮೆ ಮಾಡಿರಿ. ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಅಡಿಯಲ್ಲಿ ನಿಯಮಗಳಿದ್ದು, ಸಂಸ್ಥೆಯ ನೀತಿಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ. ಒಂದೇ ಇಲಿಯ ಒಂದೇ ನಡಿಗೆಯಿಂದ ಹತ್ತು ಬಗೆಯ ಲೆಕ್ಕ ಕೊಡುವ ಕ್ಯಾಮರಾ ಎರಡನೆಯ ನಿಯಮಕ್ಕೆ ಸಹಾಯಕ. ಮುಟ್ಟದೆ ಕಾಡದೆ ನೋಡುವದರಿಂದ ಮೂರನೆಯದಕ್ಕೂ ಸಹಾಯಕ.

ನಮ್ಮ ಹೊಲಕ್ಕೆ ಇದರಿಂದ ಏನು?

ಹೊಲದಲ್ಲಿ ಕ್ಯಾಮರಾ ಕಟ್ಟಿರೆಂದು ನಾವು ಹೇಳುವದಿಲ್ಲ. ಆದರೆ ಈ ಅಭ್ಯಾಸದಿಂದ ಕಲಿಯತಕ್ಕ ಮೂರು ಮಾತುಗಳಿವೆ.

ಒಂದು, ಇಲಿ ಗೋಡೆಯ ಬುಡ ಬಿಟ್ಟು ಬಯಲಿಗೆ ಬರಲು ಅಂಜುತ್ತದೆ. ಆದುದರಿಂದ ಬೋನನ್ನು ಮನೆಯ ನಡುವೆ ಇಡದೆ, ಗೋಡೆಗೆ ತಾಗಿಸಿ, ಇಲಿ ಓಡಾಡಿದ ಜಿಡ್ಡಿನ ಗುರುತು ಇದ್ದಲ್ಲಿ ಇಡತಕ್ಕದ್ದು.

ಎರಡು, ಹೊಸ ವಸ್ತುವಿಗೆ ಇಲಿ ಸಂಶಯಪಡುತ್ತದೆ. ಪ್ರಯೋಗಶಾಲೆಯ ಪಳಗಿದ ಇಲಿಯಲ್ಲಿ ಈ ಸಂಶಯ ಬಹಳ ಮಟ್ಟಿಗೆ ಹೋಗಿದೆ. ಹೊರಗಿನ ಇಲಿಯಲ್ಲಿ ಬಲವಾಗಿದೆ. ಹೊಸ ತಿನಿಸನ್ನು ಮೊದಲು ಚೂರೇ ಕಡಿದು ನೋಡುತ್ತದೆ. ಮೈಗೆ ಬಾಧೆಯಾದರೆ, ಸಾಯದೆ ಉಳಿದರೆ, ಆ ತಿನಿಸನ್ನು ಮತ್ತೆ ಮುಟ್ಟುವದಿಲ್ಲ. ತಿಂದುದರಿಂದ ಕೆಟ್ಟರೆ ಆ ರುಚಿಯನ್ನೇ ದೂರಮಾಡುವ ಈ ಗುಣವನ್ನು ಜಾನ್ ಗಾರ್ಸಿಯಾ ಎಂಬವರು 1955ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಸತುವಿನ ಫಾಸ್ಫೈಡ್ ವಿಷ ಇಡುವ ಮೊದಲು ಎರಡು ಮೂರು ದಿನ ವಿಷವಿಲ್ಲದ ಕಾಳನ್ನೇ ಇಟ್ಟು ರೂಢಿ ಮಾಡಿಸಿರೆಂದು ಕೃಷಿ ಇಲಾಖೆಯವರು ಹೇಳುವದು ಇದಕ್ಕಾಗಿಯೇ. ವಿಷವನ್ನು ಅವರ ಸಲಹೆಯಂತೆಯೇ, ಮಕ್ಕಳು ದನಕರು ಕೋಳಿಗಳಿಗೆ ಸಿಗದಂತೆ ಇಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೂರು, ಎಲ್ಲಕ್ಕಿಂತ ಮುಖ್ಯವಾದುದು, ಮೊದಲು ಅಳೆಯಿರಿ, ಆಮೇಲೆ ಅಳೆಯಿರಿ. ಸಂಜೆ ಹೊಲದ ಎಲ್ಲ ಬಿಲಗಳ ಬಾಯಿಯನ್ನು ಮಣ್ಣಿನಿಂದ ಮುಚ್ಚಿರಿ. ಮರುದಿನ ಎಷ್ಟು ಬಿಲ ಮತ್ತೆ ತೆರೆದಿವೆ ಎಣಿಸಿರಿ. ಅವು ಇಲಿ ಇರುವ ಬಿಲಗಳು. 40 ಇದ್ದವು ಎನ್ನೋಣ. ವಿಷವಿಟ್ಟ ಕೆಲವು ದಿನದ ಮೇಲೆ ಹಾಗೆಯೇ ಮುಚ್ಚಿ ಎಣಿಸಿದಾಗ 10 ಆದರೆ ನಾಲ್ಕರಲ್ಲಿ ಮೂರು ಪಾಲು ಇಳಿದಂತಾಯಿತು. ವಿಷವಿಡದ ಪಕ್ಕದ ಹೊಲದಲ್ಲಿಯೂ ಅದೇ ದಿನ ಎಣಿಸಿ ನೋಡಿರಿ. ಅಲ್ಲಿಯೂ ಇಳಿದಿದ್ದರೆ ಮಳೆ ನೀರೋ ಕೊಯ್ಲೋ ಕಾರಣವಿದ್ದೀತು, ವಿಷದ ಪುಣ್ಯವಲ್ಲ. ಎಣಿಸುವ ಕೆಲಸವನ್ನು ವಿಷ ಮಾರಿದವನಿಗೂ ಬಿಡಬೇಡಿರಿ, ಕೊಂಡ ನಾವೂ ಒಬ್ಬರೇ ಮಾಡುವದು ಬೇಡ. ಇಟ್ಟುದು ಎಲ್ಲಿ ಎಂದು ಗೊತ್ತಿಲ್ಲದ ಓದುವ ಹುಡುಗನ ಕೈಗೆ ಕೊಟ್ಟರೆ ಲೆಕ್ಕ ಶುದ್ಧವಾದೀತು. ಬಿಲ ಎಣಿಸುವದಷ್ಟೇ ಅವನ ಕೆಲಸ. ವಿಷ ಇಡುವ, ತೆಗೆಯುವ ಕೆಲಸ ದೊಡ್ಡವರದು.

ಹಣ ಕೊಟ್ಟು ತಂದ ಔಷಧಿ ಕೆಲಸ ಮಾಡಿತೆಂದು ನಂಬಲು ನಮ್ಮ ಮನಸ್ಸು ಸದಾ ಸಿದ್ಧವಾಗಿರುತ್ತದೆ. ದೊಡ್ಡ ದೊಡ್ಡ ಪ್ರಯೋಗಶಾಲೆಗಳ ಪಂಡಿತರೇ ತಮ್ಮ ಮನಸ್ಸನ್ನು ನಂಬದೆ ಸೂರಿಗೆ ಕ್ಯಾಮರಾ ತೂಗಹಾಕಿದ ಮೇಲೆ, ನಾವು ನಮ್ಮ ಹೊಲದಲ್ಲಿ ನಾಲ್ಕು ಬಿಲ ಎಣಿಸಿ ಬರೆದಿಡುವದು ಹೆಚ್ಚಿನ ಕೆಲಸವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಈ ಹಿಂಗಾರಿಯಲ್ಲಿ ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಆ ಮಾತನ್ನು ಬದುವಿನ ಮೇಲೆ ನಡೆಸಿ ನೋಡೋಣ.